ಕಿಡಕಿ ಕಡೆಯ ಸೀಟು

"ಯಾರೂ ಸಾಯೂದಿಲ್ಲ ಅತ್ತಿ ಇದರಾಗ, ಸುಮ್ಮನ ನೋಡ್ರಿ" ಎಂದು ನನ್ನ ಅಣ್ಣನ ಮಗಳು ಲ್ಯಾಪ್‌ಟಾಪು ತಂದು ಊಟದ ಟೇಬಲ್ಲಿನ ಮೇಲೆ ಇಟ್ಟಳು. ದಾಂಡೇಲಿಯ ಜುಲೈ. ಹಗ್ಗದ ಮೇಲಿನ ಸೀರೆ ನಾಲ್ಕನೇ ದಿನವೂ ಹಸಿಯಾಗಿಯೇ ಇರುತ್ತದೆ, ಸಂಜೆಯಾದರೆ ಕರೆಂಟು ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು. ಅವಳು ಧಾರವಾಡದಲ್ಲಿ ಓದುವ ಹುಡುಗಿ. ಬರುವಾಗಲೇ ಎಂಟು ಕಂತುಗಳನ್ನು ಇಳಿಸಿಕೊಂಡು ಬಂದಿದ್ದಳು. 'ಹಾರ್ಟ್‌ಸ್ಟಾಪರ್' ಅಂತ ಹೆಸರು. ಆಲಿಸ್ ಆಸ್‌ಮನ್ ಎಂಬ ಇಂಗ್ಲೆಂಡಿನ ಹುಡುಗಿ 2016ರಲ್ಲಿ ಕಾಮಿಕ್ಸ್ ಆಗಿ ಬರೆಯತೊಡಗಿದ್ದು, 2022ರಲ್ಲಿ ನೆಟ್‌ಫ್ಲಿಕ್ಸಿಗೆ ಬಂತಂತೆ. ಒಂದೊಂದು ಕಂತು ಹೆಚ್ಚುಕಡಿಮೆ ಅರ್ಧ ಗಂಟೆ.

ಯಾರೂ ಸಾಯುವುದಿಲ್ಲ ಎಂಬ ಭರವಸೆಯನ್ನು ಅವಳು ಮೊದಲೇ ಯಾಕೆ ಕೊಟ್ಟಳು ಎಂಬುದು ನನಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ನನ್ನ ಕಪಾಟಿನಿಂದ ವಸುಧೇಂದ್ರರ ಕಥಾಸಂಕಲನ 'ಮೋಹನಸ್ವಾಮಿ'ಯನ್ನು ಒಯ್ದು ಒಂದೇ ರಾತ್ರಿಯಲ್ಲಿ ಓದಿ, ಮರುದಿನ ಮಾತಾಡದೆ ತಂದಿಟ್ಟಿದ್ದಳು. ಅದಕ್ಕೂ ಮೊದಲು 'ನಾನು ಅವನಲ್ಲ ಅವಳು' ಸಿನಿಮಾವನ್ನು ಟೀವಿಯಲ್ಲಿ ಇಬ್ಬರೂ ನೋಡಿದ್ದೆವು. ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಸಿನಿಮಾ ಅದು. ನಾನು ಬಿಕ್ಕಿ ಬಿಕ್ಕಿ ಅತ್ತಿದ್ದೆ. ಅತ್ತ ಮೇಲೆ ಏನೋ ಒಂದು ಕರ್ತವ್ಯ ಮುಗಿಸಿದ ಹಾಗೆ ಚಹಾಕ್ಕೆ ಇಟ್ಟಿದ್ದೆ. ಆ ಹುಡುಗಿ ಅಳಲಿಲ್ಲ, ಎದ್ದು ಹೋಗಿ ಅಂಗಳದಲ್ಲಿ ನಿಂತಳು. ಎರಡೂ ದೊಡ್ಡ ಕೃತಿಗಳೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹತ್ತೊಂಬತ್ತು ವರ್ಷದವಳಿಗೆ ಮುಂದಿನ ಬದುಕಿನ ನಕ್ಷೆ ಅಂತ ಅವನ್ನೇ ಕೈಗೆ ಕೊಟ್ಟರೆ ಅವಳು ಅಂಗಳಕ್ಕಲ್ಲದೆ ಇನ್ನೆಲ್ಲಿಗೆ ಹೋಗಬೇಕು?

ಈ ಸರಣಿಯ ಕಥೆಯಲ್ಲಿ ಏನೂ ಇಲ್ಲ. ಅದೇ ಅದರ ಚೆಂದ. ಇಂಗ್ಲೆಂಡಿನ ಒಂದು ಗಂಡುಹುಡುಗರ ಶಾಲೆ. ಚಾರ್ಲಿ ಮತ್ತು ನಿಕ್ ಎಂಬ ಇಬ್ಬರು ಹುಡುಗರಿಗೆ ಅಕ್ಕಪಕ್ಕದ ಸೀಟು ಸಿಗುತ್ತದೆ, ಪ್ರೀತಿ ಹುಟ್ಟುತ್ತದೆ. ಮೂವತ್ತು ವರ್ಷ ಬೆಂಚುಗಳ ಮೇಲೆ ಮಕ್ಕಳನ್ನು ಎಬ್ಬಿಸಿ ಕೂರಿಸಿದವಳು ನಾನು. ಯಾರನ್ನು ಯಾರ ಪಕ್ಕ ಕೂರಿಸುತ್ತೇವೆ ಅನ್ನುವುದರಿಂದ ಇಷ್ಟೆಲ್ಲ ಆಗಬಹುದು ಅಂತ ನನಗೆ ಹೊಳೆದಿರಲೇ ಇಲ್ಲ. ಮೂರನೆಯ ಕಂತಿನೊಳಗೇ ಇರಬೇಕು, ಒಂದು ದೃಶ್ಯ ಬರುತ್ತದೆ. ಚಾರ್ಲಿ ಸೋಫಾದ ಮೇಲೆ ನಿದ್ದೆ ಹೋಗಿದ್ದಾನೆ. ಅವನ ಕೈ ಅಂಗಾತ ಬಿದ್ದಿದೆ. ನಿಕ್ ತನ್ನ ಕೈಯನ್ನು ಅದರ ಮೇಲೆ ತರುತ್ತಾನೆ, ಮುಟ್ಟುವುದಿಲ್ಲ. ಎರಡು ಅಂಗೈಗಳ ನಡುವಿನ ಜಾಗದಲ್ಲಿ ಪೆನ್ಸಿಲಿನಲ್ಲಿ ಬರೆದಂಥ ಸಣ್ಣ ಸಣ್ಣ ಕಿಡಿಗಳು ಸಿಡಿಯುತ್ತವೆ. ಅಷ್ಟೇ. ಅಷ್ಟರಲ್ಲಿ ನಮ್ಮ ಮನೆಯ ಕರೆಂಟು ಹೋಯಿತು. ಬ್ಯಾಟರಿ ಇತ್ತಲ್ಲ, ಕತ್ತಲೆಯಲ್ಲಿ ಆ ಪರದೆಯೊಂದೇ ಉರಿಯುತ್ತಿತ್ತು. ನಾನು ಉಸಿರು ಹಿಡಿದು ಕೂತಿದ್ದೇನೆ ಅಂತ ಗೊತ್ತಾದದ್ದು, ನನ್ನ ಪಕ್ಕದಲ್ಲಿ ಅವಳು ಕಿಸಕ್ಕನೆ ನಕ್ಕಾಗ.

ಎಂ.ಎ. ಓದುವಾಗ ತೀ.ನಂ.ಶ್ರೀ. ಅವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಪರೀಕ್ಷೆಗಾಗಿ ಉರು ಹೊಡೆದಿದ್ದೆ. ನಿವೃತ್ತಿಯಾದ ಮೇಲೆ ಅದನ್ನು ಸುಖಕ್ಕಾಗಿ ಓದುತ್ತಿದ್ದೇನೆ. ಭರತನ ನಾಟ್ಯಶಾಸ್ತ್ರದಲ್ಲಿ ರಸಗಳ ಒಂದು ಲೆಕ್ಕವಿದೆ: ಶೃಂಗಾರದಿಂದ ಹಾಸ್ಯ ಹುಟ್ಟುತ್ತದೆ, ರೌದ್ರದಿಂದ ಕರುಣ ಹುಟ್ಟುತ್ತದೆ. ಇಷ್ಟು ವರ್ಷ ಇದನ್ನು ಒಂದು ಪಟ್ಟಿ ಅಂತ ಓದಿದ್ದೆ. ಆ ರಾತ್ರಿ ಅದು ಪಟ್ಟಿಯಾಗಿ ಕಾಣಲಿಲ್ಲ. ನಮ್ಮಲ್ಲಿ ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸಿದ ಕಥೆಗಳು ಹೆಚ್ಚುಪಾಲು ಯಾರದೋ ರೌದ್ರದಿಂದ ಶುರುವಾಗುತ್ತವೆ. ಅಪ್ಪನ ಬೆಲ್ಟು, ಊರಿನವರ ಕಲ್ಲು, ಮನೆಯವರು ಹುಡುಕಿಟ್ಟ ಹುಡುಗಿ. ಹಾಗೆ ಶುರುವಾದದ್ದು ಕರುಣದಲ್ಲಿ ಮುಗಿಯಲೇಬೇಕು, ಶಾಸ್ತ್ರವೇ ಹಾಗೆ ಹೇಳುತ್ತದೆ. ಶೃಂಗಾರದಿಂದ ಶುರು ಮಾಡಿದ್ದರೆ ಹಾಸ್ಯಕ್ಕೆ ಹೋಗುತ್ತಿತ್ತು. ಇಂಗ್ಲಿಷಿನವರು ರೊಮ್ಯಾಂಟಿಕ್ ಕಾಮಿಡಿ ಅನ್ನುವುದು ಇದನ್ನೇ. ಅಂದರೆ ಮಕ್ಕಳು ಇದನ್ನು ಹುಡುಕಿಕೊಂಡು ಹೋಗುವುದು ಸುಖಾಂತದ ಆಸೆಗೆ ಮಾತ್ರ ಅಲ್ಲ. ಅವರಿಗೆ ಬೇಕಾದದ್ದು ಬೇರೆ ಆರಂಭ.

ನಗುವಿನಲ್ಲೂ ಭರತ ಆರು ಬಗೆ ಮಾಡುತ್ತಾನೆ. ಕೆನ್ನೆ ಅರಳಿ ಹಲ್ಲು ಕಾಣದ ಸ್ಮಿತದಿಂದ ಹಿಡಿದು, ಕಣ್ಣಲ್ಲಿ ನೀರು ಬಂದು ಪಕ್ಕೆ ಹಿಡಿದುಕೊಳ್ಳುವ ಅತಿಹಸಿತದವರೆಗೆ. ನಡುವೆ ಉಪಹಸಿತ, ಅಪಹಸಿತ. ನಮ್ಮ ಸಿನಿಮಾದಲ್ಲಿ ಸೊಂಟ ಬಳುಕಿಸುವ ಗಂಡಸು ತೆರೆಯ ಮೇಲೆ ಬಂದರೆ ಥಿಯೇಟರು ನಗುತ್ತಿದ್ದದ್ದು ಆ ಕೊನೆಯ ಅತಿಹಸಿತ. ನಾನೂ ನಕ್ಕಿದ್ದೇನೆ, ಗಂಡ-ಮಕ್ಕಳ ಜೊತೆ, ಸೇಂಗಾ ತಿನ್ನುತ್ತಾ. ಈ ಎಂಟು ಕಂತುಗಳಲ್ಲಿ ಇದ್ದದ್ದೆಲ್ಲ ಸ್ಮಿತ.

ಆದರೂ ನನ್ನೊಳಗಿನ ಮೇಡಂ ಸುಮ್ಮನಿರಲಿಲ್ಲ. ರಸಾಭಾಸ ಅಂತ ಒಂದು ಮಾತಿದೆಯಲ್ಲ. ಈಗ ಮದುವೆ ಮನೆಯಲ್ಲಿ ಜಗಳವಾದರೂ ರಸಾಭಾಸವಾಯಿತು ಅನ್ನುತ್ತೇವೆ. ಆಲಂಕಾರಿಕರಿಗೆ ಅದು ಖಚಿತವಾದ ಅರ್ಥವಿದ್ದ ಪದ: ರಸದ ಹಾಗೆ ಕಂಡು ರಸವಾಗದೆ ಉಳಿಯುವಂಥದ್ದು. ಅಭಿನವಗುಪ್ತ ಕೊಡುವ ಉದಾಹರಣೆ ಸೀತೆಯ ಮೇಲೆ ರಾವಣನಿಗಿದ್ದ ಮೋಹ. ಕೇಳುವ ಹೊತ್ತಿಗೆ ಶೃಂಗಾರದಂತೆಯೇ ಇರುತ್ತದೆ, ವಿಚಾರ ಮಾಡಿದರೆ ಆಭಾಸ. ಯಾಕೆಂದರೆ ಸೀತೆಯ ಕಡೆಯಿಂದ ಏನೂ ಇಲ್ಲ. ಪ್ರೀತಿ ಇಬ್ಬರಲ್ಲೂ ಇರಬೇಕು, ಒಬ್ಬರಲ್ಲೇ ಇದ್ದರೆ ಅದು ಆಭಾಸ ಎನ್ನುವುದು ಬಹಳ ಜನ ಒಪ್ಪಿದ ಅಳತೆ. ಈ ಅಳತೆಗೋಲು ಹಿಡಿದರೆ ಆ ಇಬ್ಬರು ಹುಡುಗರ ಪ್ರೀತಿ ಎಲ್ಲೂ ಕಮ್ಮಿ ಬೀಳುವುದಿಲ್ಲ. ನಾನು ಕಂಡ ಎಷ್ಟೋ ಮಂಗಳವಾದ್ಯದ ಮದುವೆಗಳು ಕಮ್ಮಿ ಬೀಳುತ್ತವೆ. ಇನ್ನೊಂದು ಅಳತೆ ಅನೌಚಿತ್ಯ. ಅದರಲ್ಲಿ ತೊಡಕಿದೆ, ಉಚಿತ ಯಾವುದೆಂದು ತೀರ್ಮಾನಿಸುವುದು ಲೋಕ. ಲೋಕ ಅಂದರೆ ಯಾರು? ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಇಂಥ ಪ್ರೀತಿ ಅಪರಾಧವಲ್ಲ ಎಂದಿತು. 2023ರ ಅಕ್ಟೋಬರ್ 17ರಂದು ಮದುವೆಯ ಹಕ್ಕನ್ನು ಮಾತ್ರ ತಾನು ಕೊಡಲಾರೆ ಎಂದಿತು. ಲೋಕ ಅರ್ಧ ಬಾಗಿಲು ತೆರೆದು ಹೊಸ್ತಿಲ ಮೇಲೆ ನಿಂತಿದೆ ಅಂತಿಟ್ಟುಕೊಳ್ಳೋಣ.

ಇಲ್ಲಿ ನನ್ನ ಒಂದು ತಪ್ಪನ್ನು ಹೇಳಬೇಕು. ಹತ್ತನೇ ತರಗತಿಗೆ ವಚನ ಪಾಠ ಮಾಡುವಾಗ 'ಶರಣಸತಿ ಲಿಂಗಪತಿ' ಭಾವವನ್ನು ವಿವರಿಸುತ್ತಿದ್ದೆ. ಶರಣರಲ್ಲಿ ಗಡ್ಡ ಮೀಸೆಯ ಗಂಡಸರೂ ತಮ್ಮನ್ನು ಹೆಂಡತಿಯೆಂದು ತಿಳಿದು ಲಿಂಗವನ್ನು ಗಂಡನೆಂದು ಒಲಿದರು, ಕಾಲ್ಗೆಜ್ಜೆ, ಬಳೆ, ಸೆರಗು ಎಲ್ಲ ಅವರ ಮಾತಿನಲ್ಲಿ ಬರುತ್ತದೆ, ಇತ್ಯಾದಿ. ಪ್ರತಿ ವರ್ಷ ಹಿಂದಿನ ಬೆಂಚು ಕಿಸಿಕಿಸಿ ಅನ್ನುತ್ತಿತ್ತು, ನಾನು ಡಸ್ಟರ್ ಕುಟ್ಟುತ್ತಿದ್ದೆ. ಒಂದು ವರ್ಷ, ಮುಂದಿನ ಬೆಂಚಿನ ಹುಡುಗ, ತಾನಾಗಿ ಎಂದೂ ಬಾಯಿ ಬಿಡದವನು, ಎದ್ದು ನಿಂತ. "ಟೀಚರ್, ದೇವರ ಜೋಡಿ ಹಂಗ ಇದ್ರ ತಪ್ಪಿಲ್ಲ ಅಂದ್ರ, ಮನಷ್ಯಾರ ಜೋಡಿ ಇದ್ರ ಯಾಕ ತಪ್ಪು?" ತರಗತಿ ಹೋ ಎಂದು ನಕ್ಕಿತು. ಅತಿಹಸಿತ. ನಾನು ಹೇಳಿದ್ದು: "ಅದು ಪರೀಕ್ಷೆಗೆ ಬರೂದಿಲ್ಲ, ಕೂಡು." ಅವನು ಕೂತ. ಆ ವರ್ಷ ಮತ್ತೆ ಏಳಲಿಲ್ಲ.

ಈಗ ಉತ್ತರ ಕೊಡಬಹುದೇ? ಜೇಡರ ದಾಸಿಮಯ್ಯನನ್ನು ಮುಂದೆ ಮಾಡಿ, ಆತ್ಮಕ್ಕೆ ಹೆಣ್ಣು ಗಂಡು ಎಂಬುದಿಲ್ಲ ಅಂತ ಹನ್ನೆರಡನೇ ಶತಮಾನಕ್ಕೂ ಮೊದಲೇ ನಮ್ಮವರು ಹೇಳಿದ್ದಾರೆ ನೋಡು ಎನ್ನಬಹುದು. ಸಭೆಗಳಲ್ಲಿ ಹಾಗೆ ಹೇಳಿ ಚಪ್ಪಾಳೆ ಗಿಟ್ಟಿಸುವವರನ್ನು ಕಂಡಿದ್ದೇನೆ. ನನಗೆ ಅದು ಸಾಲದು. ಶರಣರು ಇಬ್ಬರು ಗಂಡಸರ ಒಲವಿಗೆ ಪ್ರಮಾಣಪತ್ರ ಬರೆದುಕೊಟ್ಟಿಲ್ಲ, ಅವರ ಕಣ್ಣು ಬೇರೆ ಕಡೆಗಿತ್ತು. ಅವರು ಕಟ್ಟಿಕೊಂಡ ಸತಿಯ ರೂಪವೂ ಗಂಡನ ಮುಂದೆ ತಲೆ ಬಾಗಿದ ಹೆಂಡತಿಯದೇ. ಆತ್ಮಕ್ಕೆ ಲಿಂಗಭೇದವಿಲ್ಲ ಎನ್ನುವುದು ಆ ಹುಡುಗನಿಗೆ ಸಮಾಧಾನ ಆಗುತ್ತಿತ್ತು ಅಂತಲೂ ಅನ್ನಿಸುವುದಿಲ್ಲ. ಅವನು ಕೇಳಿದ್ದು ಆತ್ಮದ ಮಾತಲ್ಲ. ಪಕ್ಕದ ಸೀಟಿನ ಮಾತು.

ನಮ್ಮ ಧರ್ಮಗಳು ಇಂಥವರಿಗೆ ಜಾಗವನ್ನೇ ಕೊಟ್ಟಿಲ್ಲ ಅಂದರೆ ಅದೂ ಸುಳ್ಳು. ಹಳಿಯಾಳದ ಹತ್ತಿರದ ನಮ್ಮ ಹಳ್ಳಿಗೆ ಮಂಗಳವಾರ, ಶುಕ್ರವಾರ ಸವದತ್ತಿ ಎಲ್ಲಮ್ಮನ ಜೋಗಪ್ಪಗಳು ಬರುತ್ತಿದ್ದರು. ಗಂಡಾಗಿ ಹುಟ್ಟಿ, ದೇವಿ ಮೈಮೇಲೆ ಬಂದಳೆಂದು ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟವರು. ತಲೆಯ ಮೇಲೆ ಕೊಡ, ಕಂಕುಳಲ್ಲಿ ಚೌಡಿಕೆ. ನನ್ನ ಅವ್ವ ಮೊರದಲ್ಲಿ ಜೋಳ ತಂದು ಹಾಕಿ, ಅವರ ಕಾಲಿಗೆ ಬೀಳು ಅಂತ ನನ್ನ ತಲೆ ಬಗ್ಗಿಸುತ್ತಿದ್ದಳು. ಭಂಡಾರ ಹಚ್ಚಿ, ಒಳ್ಳೆ ಗಂಡ ಸಿಗಲಿ ಅಂತ ಹರಸುತ್ತಿದ್ದರು. ಹರಸುವವರಿಗೆ ಯಾರು ಸಿಕ್ಕಿದರು, ರಾತ್ರಿ ಯಾರ ಜೊತೆ ಕೂತು ಉಂಡರು, ನಾವು ಕೇಳಲಿಲ್ಲ. ಹೊಸ್ತಿಲ ಹುಣ್ಣಿಮೆಗೆ ದೇವಿಯ ಜೊತೆ ಬಳೆ ಒಡೆದುಕೊಂಡು, ಭಾರತ ಹುಣ್ಣಿಮೆಗೆ ದೇವಿಯ ಜೊತೆಗೇ ಬಳೆ ಇಟ್ಟುಕೊಳ್ಳುತ್ತಿದ್ದರು. ಅವರ ಸಂಸಾರವೆಲ್ಲ ಪಂಚಾಂಗದಲ್ಲಿಯೇ. 2021ರಲ್ಲಿ ಮಂಜಮ್ಮ ಜೋಗತಿಯವರು ಪದ್ಮಶ್ರೀ ಸ್ವೀಕರಿಸಲು ಹೋದಾಗ ರಾಷ್ಟ್ರಪತಿಗಳಿಗೇ ಸೆರಗಿನಿಂದ ದೃಷ್ಟಿ ತೆಗೆದರು. ಟೀವಿಯಲ್ಲಿ ನೋಡಿ ಕಣ್ಣು ತುಂಬಿ ಬಂತು. ಆಮೇಲೆ ಯೋಚನೆಯೂ ಬಂತು: ಅಲ್ಲಿಯೂ ಹರಸುವ ಕೈ ಅವರದೇ.

ಪವಿತ್ರರಾಗಲು ಬಿಟ್ಟೆವು, ಸಾಮಾನ್ಯರಾಗಲು ಬಿಡಲಿಲ್ಲ. ಆ ಸರಣಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊನೆಯ ಕಂತಿನ ಒಂದು ಸಾಮಾನ್ಯ ಮಾತುಕತೆ. ನಿಕ್ ತನ್ನ ತಾಯಿಗೆ ವಿಷಯ ಹೇಳುತ್ತಾನೆ. ಒಲಿವಿಯಾ ಕೋಲ್ಮನ್ ಆ ತಾಯಿ. ಆಕೆ ಉಪದೇಶ ಮಾಡುವುದಿಲ್ಲ, ಎದೆ ಬಡಿದುಕೊಳ್ಳುವುದಿಲ್ಲ, ನೀನೇ ನನ್ನ ಹೆಮ್ಮೆ ಎಂದು ಭಾಷಣವನ್ನೂ ಮಾಡುವುದಿಲ್ಲ. ಇದನ್ನು ನನಗೆ ಹೇಳಲಾಗದು ಅಂತ ನಿನಗೆ ಅನ್ನಿಸುವ ಹಾಗೆ ನಾನು ಎಂದಾದರೂ ನಡೆದುಕೊಂಡಿದ್ದರೆ ಕ್ಷಮಿಸು ಎನ್ನುವ ಅರ್ಥದ ಒಂದು ಮಾತು. ನನಗೆ ಮುಂದಿನ ಬೆಂಚಿನ ಹುಡುಗ ನೆನಪಾದ. ಪಕ್ಕದಲ್ಲಿ ಕೂತವಳ ಮುಖವನ್ನು ನಾನು ನೋಡಲಿಲ್ಲ, ಬೇಕೆಂದೇ ನೋಡಲಿಲ್ಲ. ನೋಡಿದರೆ ಅದೊಂದು ಪ್ರಶ್ನೆ ಆಗಿಬಿಡುತ್ತಿತ್ತು. (ಮುಂದಿನ ಸೀಸನ್ನುಗಳಲ್ಲಿ ಚಾರ್ಲಿಗೆ ಊಟದ ಕಾಯಿಲೆ ಬರುತ್ತದೆ, ಆಸ್ಪತ್ರೆ ಬರುತ್ತದೆ. ನೋವೇ ಇಲ್ಲದ ಗುಲಾಬಿ ಲೋಕವಲ್ಲ ಅದು. ಆದರೆ ನೋವು ಪ್ರೀತಿಗೆ ಕೊಟ್ಟ ಶಿಕ್ಷೆಯಾಗಿ ಬರುವುದಿಲ್ಲ.)

ಮರುದಿನ ಮಳೆ ಸ್ವಲ್ಪ ಬಿಟ್ಟಿತ್ತು. ಉಳವಿಯ ಮಾತು ಬಂತು. ನನ್ನ ಅಪ್ಪ ಪ್ರತಿ ವರ್ಷ ಭಾರತ ಹುಣ್ಣಿಮೆ ಹೊತ್ತಿಗೆ ಚಕ್ಕಡಿ ಹೂಡುತ್ತಿದ್ದ. ಎತ್ತಿನ ಕೊಂಬಿಗೆ ಬಣ್ಣ, ಬೆನ್ನಿಗೆ ಝೂಲ, ಕೊರಳಲ್ಲಿ ಗೆಜ್ಜೆ. ಧಾರವಾಡ, ಬೆಳಗಾವಿ ಕಡೆಯ ಚಕ್ಕಡಿಗಳೆಲ್ಲ ಹಳಿಯಾಳ, ದಾಂಡೇಲಿ ದಾಟಿ ಪೊಟೋಲಿ ಮೇಲೆ ಜೋಯಿಡಾದ ಕಾಡು ಹೊಕ್ಕು ಚನ್ನಬಸವಣ್ಣನ ಗದ್ದುಗೆಗೆ ಹೋಗುತ್ತವೆ. ಆ ಗದ್ದುಗೆ ಈ ಕಾಡಿಗೆ ಯಾಕೆ ಬಂತು? ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸನ ಮಗಳಿಗೂ ಮದುವೆಯಾಯಿತು. ದೊರೆ ಬಿಜ್ಜಳ ಆ ತಂದೆಯರನ್ನು ಆನೆಯ ಕಾಲಿಗೆ ಕಟ್ಟಿಸಿ ಎಳೆಸಿದ, ಶರಣರು ವಚನದ ಕಟ್ಟುಗಳನ್ನು ಹೊತ್ತು ಚದುರಿದರು, ಒಂದು ತಂಡ ಉಳವಿಗೆ ಬಂತು. ಹೀಗೆಂದು ಶರಣರ ಕಥೆ. ಅಕ್ಕನಾಗಮ್ಮನ ಗವಿಯನ್ನು ಈಗಲೂ ತೋರಿಸುತ್ತಾರೆ. ಒಂದು ಮದುವೆಯನ್ನು ಲೋಕ ತಾಳಿಕೊಳ್ಳಲಿಲ್ಲ, ಅದಕ್ಕೇ ನಮಗೆ ಈ ಜಾತ್ರೆ.

ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಅವಳು ಕೇಳಿದಳು, "ಆ ಹುಡುಗ ಹುಡುಗಿ ಏನಾದ್ರು ಅತ್ತಿ?"

ನನಗೆ ಹೇಳಲು ಬರಲಿಲ್ಲ. ಎಷ್ಟು ಪ್ರವಚನ ಕೇಳಿದ್ದೇನೆ, ತಂದೆಯರ ಬಲಿದಾನವನ್ನು ಗಂಟೆಗಟ್ಟಲೆ ವರ್ಣಿಸುತ್ತಾರೆ, ಕೇಳಿದವರು ಅಳುತ್ತಾರೆ. ಆ ಮದುಮಕ್ಕಳು ಮದುವೆಗೆ ಮುಂಚೆ ಒಬ್ಬರನ್ನೊಬ್ಬರು ನೋಡಿದ್ದರೋ, ಅವನ ಚಪ್ಪಲಿ ಹೊಲಿಯುವ ಬೆರಳುಗಳನ್ನು ನೋಡಿ ಅವಳಿಗೆ ಏನನ್ನಿಸಿತೋ, ಮೊದಲ ಸಲ ಯಾರು ನಕ್ಕರೋ, ಯಾರೂ ನನಗೆ ಹೇಳಿಲ್ಲ, ನಾನೂ ಕೇಳಿಲ್ಲ. ಮದುವೆಯನ್ನು ಕ್ರಾಂತಿ ನುಂಗಿತು. ಧರ್ಮಕ್ಕೆ ದೊಡ್ಡ ಅರ್ಥಗಳು ಬೇಕು: ತ್ಯಾಗ, ಐಕ್ಯ, ಮುಕ್ತಿ. ಇಬ್ಬರು ಎಳೆಯರ ಸ್ಮಿತವನ್ನು ಎಲ್ಲಿ ಇಡಬೇಕೆಂದು ಅದಕ್ಕೆ ತಿಳಿಯುವುದಿಲ್ಲ. ರಸಾನುಭವವನ್ನು ಬ್ರಹ್ಮಾನಂದದ ಸೋದರ ಅಂದವರು ನಮ್ಮಲ್ಲೇ ಇದ್ದರು. ಆದರೆ ಆ ಸೋದರನಿಗೆ ನಾವು ಊಟ ಬಡಿಸಿದ್ದು ಕಮ್ಮಿ.

ನಾನು ಸಾಧಾರಣೀಕರಣದ ಪಾಠಕ್ಕೆ ಇಳಿದೆ. ಚಟ ಬಿಡುವುದಿಲ್ಲ. ಭಟ್ಟನಾಯಕನ ವಿಚಾರ: ಕಾವ್ಯದಲ್ಲಿ ಶಕುಂತಲೆ ದುಷ್ಯಂತನ ಹೆಂಡತಿಯಾಗಿ ಉಳಿಯುವುದಿಲ್ಲ, ಅವಳ ಪ್ರೀತಿ ಯಾರೊಬ್ಬರದೂ ಅಲ್ಲದೆ ಎಲ್ಲರದೂ ಆಗುತ್ತದೆ. ಅದಕ್ಕೇ ದಾಂಡೇಲಿಯ ಈ ಅರವತ್ತೆರಡರ ಮುದುಕಿಗೆ ಇಂಗ್ಲೆಂಡಿನ ಹುಡುಗರ ಕೈ ನೋಡಿ ಉಸಿರು ಕಟ್ಟಿತು. ಹಾಗಿದ್ದ ಮೇಲೆ ನಾಯಕಿ ಕಪ್ಪಗಿರಬೇಕು, ನಾಯಕ ಇಂಥ ಕುಲದವನಿರಬೇಕು, ನಮ್ಮಂಥವರೇ ಇರಬೇಕು ಅಂತ ನಿಮ್ಮ ಕಾಲದವರು ಯಾಕೆ ಹಟ ಹಿಡಿಯುತ್ತೀರಿ?

ಅವಳು ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತದೆ ಹೇಳಿದಳು, "ಶಕುಂತಲಾ ಎಲ್ಲಾರ್ಗೂ ಆಗ್ತಾಳ ಅಂದ್ರ ಹಳಿಯಾಳದ ಸಿದ್ದಿ ಹುಡುಗಿನೂ ಎಲ್ಲಾರ್ಗೂ ಆಗಬೇಕಲ್ರಿ? ಯಾವಾಗ್ಲೂ ಅವರ ಪ್ರೀತಿನ ನಮ್ಮದಾಗೂದು, ನಮ್ಮದು ಒಮ್ಮಿನೂ ಅವರದಾಗೂದಿಲ್ಲ. ಇದೆಂಥಾ ಸಾಧಾರಣರಿ?"

ಭಟ್ಟನಾಯಕನ ಪರವಾಗಿ ನನ್ನ ಬಳಿ ಉತ್ತರವಿರಲಿಲ್ಲ. ಸಿದ್ದಿಗಳ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ತಂದು ಶತಮಾನಗಳಾದವು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಅವರಲ್ಲಿದ್ದಾರೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಸಿನಿಮಾಗಳಲ್ಲಿ ಪ್ರಶಾಂತ್ ಸಿದ್ದಿಯವರನ್ನು ನೋಡಿದ್ದೇವೆ, ಹೆಚ್ಚಾಗಿ ನಾಯಕನ ಪಕ್ಕದಲ್ಲಿ. ಕೌದಿಯನ್ನು ನಮ್ಮ ಅವ್ವಂದಿರೂ ಹೊಲಿಯುತ್ತಿದ್ದರು, ಸಿದ್ದಿ ಹೆಂಗಸರು ಹೊಲಿದ ಕೌದಿ ಈಗ ಪ್ರದರ್ಶನಗಳಿಗೆ ಹೋಗುತ್ತದೆ. ಅದನ್ನು ಹೊದ್ದುಕೊಂಡು ಯಾರಾದರೂ ಯಾರಿಗೋ ರಾತ್ರಿ ಮೆಸೇಜು ಮಾಡುವ ಕಥೆಯನ್ನು ನಾನು ಓದಿಲ್ಲ.

"ಹಂಗಾದ್ರ ನೀನ ಒಂದು ಕಟ್ಟು" ಅಂದೆ.

ಕಟ್ಟಿದಳು. ಸೊಪ್ಪು ಸೋಸಿ ಮುಗಿಯುವುದರೊಳಗೆ ಅರ್ಧ ಕಥೆ. ಮುಂಡಗೋಡದಿಂದ ಯಲ್ಲಾಪುರಕ್ಕೆ ಹೊರಟ ಬಸ್ಸು. 1966ರಿಂದ ಇರುವ ಟಿಬೆಟನ್ ಕ್ಯಾಂಪಿನ ಹುಡುಗಿಯೊಬ್ಬಳು ಹತ್ತಿದ್ದಾಳೆ, ಅಜ್ಜಿಗೆ ಔಷಧಿ ತರಬೇಕು. ಸಿದ್ದಿ ಹುಡುಗಿಯೊಬ್ಬಳು ಓಟದ ಸ್ಪರ್ಧೆ ಮುಗಿಸಿ ಹೊರಟಿದ್ದಾಳೆ, ಕೈಯಲ್ಲಿ ಎರಡನೇ ಬಹುಮಾನದ ಸ್ಟೀಲಿನ ಬುಟ್ಟಿ. ಹೆಂಗಸರಿಗೆ ಟಿಕೆಟ್ಟು ಫ್ರೀ, ಆದರೆ ಕಂಡಕ್ಟರ್ ಇವರಿಬ್ಬರ ಹತ್ತಿರ ಬಂದು ಮಾತ್ರ ನಿಲ್ಲುತ್ತಾನೆ. ಕಾರ್ಡು ತೋರಿಸು. ಯಾವ ದೇಶದಾಕಿ ನೀ? ಒಬ್ಬಳಿಗೆ ಕೇಳಿ ಇನ್ನೊಬ್ಬಳಿಗೂ ಕೇಳುತ್ತಾನೆ. ಇಬ್ಬರೂ ಒಂದೇ ಉಸಿರಿಗೆ, ಅಚ್ಚ ಕನ್ನಡದಲ್ಲಿ, "ಇದ ತಾಲೂಕಿನಾಕೆ ರೀ" ಅನ್ನುತ್ತಾರೆ. ಆಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

"ಸ್ಮಿತ" ಅಂದೆ ನಾನು.

"ಹ್ಞಾಂ, ಅದ. ಹಲ್ಲು ಕಾಣೂದಿಲ್ಲ."

ನಡುವೆ ಏನೇನೋ ಆಗುತ್ತದೆ. ತಪ್ಪು ನಂಬರಿಗೆ ಹೋದ ಮೆಸೇಜು, ಲೋಸಾರ್ ಹಬ್ಬಕ್ಕೆ ಕರೆದು ಮರೆತದ್ದು, ಬುಟ್ಟಿ ಬಸ್ಸಿನಲ್ಲಿ ಅದಲುಬದಲಾದದ್ದು, ಹಾಗಲ್ಲ ಹೀಗೆ ಅಂತ ಒಬ್ಬ ಭಿಕ್ಕು ದಾರಿ ತೋರಿಸಿ ಇನ್ನೂ ತಪ್ಪಿಸಿದ್ದು. ನಾನು ಒಂದಿಷ್ಟು ಅಡ್ಡಿಗಳನ್ನು ಸೂಚಿಸಿದೆ, ಊರಿನ ಪಂಚರು, ಅಣ್ಣಂದಿರು. ಬೇಡ ಅಂದಳು. "ಆ ಕಥಿ ನೀವು ಓದೀರಲ್ರಿ, ಇದರಾಗ ಬಸ್ ತಡಾ ಆಗೂದ ಅಡ್ಡಿ."

ಕೊನೆ ಹೇಗೆ ಅಂತ ಕೇಳಿದೆ. ಹರಿಕಥೆಯಾದರೂ ಸರಿ, ಬಯಲಾಟವಾದರೂ ಸರಿ, ಮಂಗಳ ಹಾಡದೆ ಎದ್ದು ಹೋಗಬಾರದು ಅಂತ ಬೆಳೆದವಳು ನಾನು. ಆರತಿಯಾದರೂ ಬೇಡವೇ?

"ಸಂಜೀ ಕಡೀ ಬಸ್ ಬರ್ತದ. ಇಬ್ರೂ ಹತ್ತತಾರ. ಮುಗೀತು."

"ಕಡೀ ಬಸ್ಸು ಅಂದ್ರ ಗದ್ದಲ. ಸೀಟು ಸಿಕ್ತೇನು?"

ಅವಳು ಸೊಪ್ಪಿನ ಕಡ್ಡಿಗಳನ್ನೆಲ್ಲ ಮೊರದ ಒಂದು ಮೂಲೆಗೆ ಒತ್ತರಿಸಿ ಸ್ವಲ್ಪ ಹೊತ್ತು ಯೋಚಿಸಿದಳು.

"ಒಂದ ಸಿಕ್ತು ಅತ್ತಿ. ಕಿಡಕಿ ಕಡೀದು. ಪಾಳಿ ಮ್ಯಾಲೆ ಕೂಡ್ತಾರ."